ಅಮ್ಮ ಇದ್ದಾರಲ್ಲ

ಶಾಲೆಯ ಗೇಟಿನ ಮುಂದೆ ವ್ಯಾನ್ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದರೆ ಸಾಕು, ಹಿಂದಿನ ಸೀಟುಗಳಲ್ಲಿ ಕುಸ್ತಿಯೇ ಶುರುವಾಗುತ್ತಿತ್ತು. ಯಾರ ಬೂಟು ಯಾರ ಕಾಲಲ್ಲಿದೆ, ಯಾರ ನೀರಿನ ಬಾಟಲಿ ಯಾರ ಚೀಲ ಸೇರಿದೆ ಎಂಬುದು ಬಗೆಹರಿಯುವವರೆಗೆ ಬಾಗಿಲು ತೆರೆಯುವುದಿಲ್ಲ ಎಂಬುದು ಆಕೆಯ ಕಾನೂನು. ಮಕ್ಕಳು ಆಕೆಯನ್ನು ವ್ಯಾನಜ್ಜಿ ಎಂದು ಕರೆಯುತ್ತಿದ್ದವು. ಮೊದಮೊದಲು ಆ ಹೆಸರು ಅಷ್ಟಾಗಿ ಹಿಡಿಸಿರಲಿಲ್ಲ. ಈಗ ಬೀದಿಯವರು, ಅಂಗಡಿಯವರು, ಶಾಲೆಯ ಟೀಚರುಗಳು ಕೂಡ ಹಾಗೇ ಕರೆಯುತ್ತಿದ್ದರು, ಆಕೆಯೂ ಅದಕ್ಕೇ ಓಗೊಡುತ್ತಿದ್ದಳು.

ಆ ದಿನ ಕೊನೆಯ ಮಗು ಇಳಿದು ಓಡಿದ ಮೇಲೆ ಶಾಲೆಯ ವಾಹನಗಳ ಮೇಲ್ವಿಚಾರಕ ಕಿಟಕಿಯ ಬಳಿ ಬಂದ.

"ಅಂತೂ ಬಿಟ್ಟು ಹೋಗ್ತಿದ್ದೀರಿ ಅನ್ನಿ," ಎಂದ ನಗುತ್ತ. "ಒಳ್ಳೇದೇ ಆಯ್ತು ಬಿಡಿ. ಈ ವಯಸ್ಸಲ್ಲಿ ಮೊಮ್ಮಗಳನ್ನ ಆಡಿಸ್ಕೊಂಡು ಆರಾಮಾಗಿರೋದು ಬಿಟ್ಟು ಈ ಗೋಳು ಯಾಕೆ ನಿಮಗೆ?"

"ಯಾರು ಬಿಟ್ಟು ಹೋಗ್ತಿರೋದು?"

"ನೀವೇ! ನಿಮ್ಮ ಮಗ ಫೋನ್ ಮಾಡಿದ್ರಲ್ಲ, ಮುಂದಿನ ತಿಂಗಳಿಂದ ಅಮ್ಮ ಬರಲ್ಲ ಅಂತ. ನಾನು ಆಗಲೇ ಬೇರೆ ಡ್ರೈವರ್ ನೋಡಿಟ್ಟಿದ್ದೀನಿ."

ವ್ಯಾನಜ್ಜಿ "ಓ, ಹೌದು" ಎಂದಷ್ಟೇ ಹೇಳಿ ವ್ಯಾನ್ ತಿರುಗಿಸಿದಳು. ತನ್ನ ಕೆಲಸ ಹೋದದ್ದು ತನಗೇ ಗೊತ್ತಿಲ್ಲ ಎಂದು ಹೊರಗಿನವರ ಮುಂದೆ ತೋರಿಸಿಕೊಳ್ಳಲು ಮನಸ್ಸು ಬರಲಿಲ್ಲ. ಗೇಟು ದಾಟುವಾಗ ಎಂದೂ ಇಲ್ಲದ ಹಾಗೆ ಗೇರು ಕರಕರ ಎಂದಿತು.

ಆಕೆ ಡ್ರೈವಿಂಗ್ ಕಲಿತದ್ದು ಗಂಡ ತೀರಿಕೊಂಡ ಮೇಲೆ. ಅದಕ್ಕೂ ಮುಂಚಿನ ಬದುಕೆಲ್ಲ ಯಾರಿಗೋ ಉಣಿಸುವುದರಲ್ಲಿ, ಯಾರನ್ನೋ ಎತ್ತಿ ಕೂರಿಸುವುದರಲ್ಲಿ ಕಳೆದಿತ್ತು. ಮೊದಲು ಮಗ, ಆಮೇಲೆ ಹಾಸಿಗೆ ಹಿಡಿದ ಅತ್ತೆ, ಆಮೇಲೆ ಹಾಸಿಗೆ ಹಿಡಿದ ಗಂಡ. ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಎದ್ದರೆ ಮಾಡಲು ಕೆಲಸವೇ ಇರಲಿಲ್ಲ. ಡ್ರೈವಿಂಗ್ ಶಾಲೆಯಲ್ಲಿ ಹುಡುಗರು ಮುಸಿಮುಸಿ ನಕ್ಕಿದ್ದರು. ಕಲಿಸುವವನು ತಲೆ ಚಚ್ಚಿಕೊಂಡಿದ್ದ. ಹಟ ಹಿಡಿದು ಕಲಿತಳು. ಸ್ಟೀರಿಂಗ್ ಹಿಡಿದು ಕೂತ ಆ ಬೆಳಗಿನ ಹೊತ್ತಿನಲ್ಲಿ ಆಕೆ ಯಾರ ತಾಯಿಯೂ ಅಲ್ಲ, ಯಾರ ಸೊಸೆಯೂ ಅಲ್ಲ. ಈ ಸುಖವನ್ನು ಆಕೆ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳಿಕೊಂಡರೆ ಕರಗಿಹೋದೀತು ಎಂಬ ಭಯ.

ಮನೆಯ ಮೆಟ್ಟಿಲು ಹತ್ತುವಾಗಲೇ ಮೈ ಉರಿಯುತ್ತಿತ್ತು. ಒಳಗೆ ಸೊಸೆ ನೆಲದ ಮೇಲೆ ಕಾಲು ಚಾಚಿ ಕೂತು ಪುಟ್ಟಿಗೆ ಗಂಜಿ ಉಣಿಸುತ್ತಿದ್ದಳು. ಪುಟ್ಟಿಗೆ ಆಗತಾನೇ ಎರಡು ಹಲ್ಲು ಬಂದಿದ್ದವು. ಚಮಚ ಬಾಯಿಗೆ ಹೋದರೆ ಬಿಡಿಸಿಕೊಳ್ಳುವುದೇ ಒಂದು ಯುದ್ಧ.

"ಎಷ್ಟು ದಿನದಿಂದ ನಡೀತಿದೆ ಈ ಮಸಲತ್ತು?" ಎಂದಳು ವ್ಯಾನಜ್ಜಿ, ಚಪ್ಪಲಿ ಕೂಡ ಬಿಡದೆ.

"ಯಾವ ಮಸಲತ್ತು ಅತ್ತೆ?"

"ಕೆಲಸದಿಂದ ನನ್ನ ಬಿಡಿಸಿ ಈ ಮನೆಗೆ ಆಯಾ ಮಾಡೋ ಮಸಲತ್ತು."

ಸೊಸೆಯ ಕೈ ಗಂಜಿಯ ಬಟ್ಟಲಲ್ಲೇ ನಿಂತಿತು. "ನೀವೇ ಒಪ್ಪಿಕೊಂಡ್ರಿ ಅಂದ್ರಲ್ಲ ಇವರು? ನಾನು ಲ್ಯಾಬಿಗೆ ಬರ್ತೀನಿ ಅಂತ ಮಾತು ಕೊಟ್ಟಾಯ್ತು. ಒಪ್ಪಿದ ಮೇಲೆ ಹೀಗೆ ಉಲ್ಟಾ ಹೊಡೆದ್ರೆ ಹೇಗೆ?"

"ನಾನು ಒಪ್ಪಿದ್ನಂತೆ! ನನ್ನ ಮಗನ ಮೇಲೆ ಗೂಬೆ ಕೂರಿಸ್ಬೇಡ. ಇಂಥ ಬುದ್ಧಿಯೆಲ್ಲ ಅವನಿಗೆ ತಾನಾಗಿ ಹೊಳೆಯಲ್ಲ. ಕಿವಿ ಊದಿದವರು ಯಾರು ಅಂತ ನನಗೆ ಗೊತ್ತಿಲ್ವಾ?"

ಸೊಸೆಯ ಮುಖ ಕೆಂಪಾಯಿತು. "ಊರ ಮಕ್ಕಳನ್ನೆಲ್ಲ ಕೂರಿಸ್ಕೊಂಡು ಸುತ್ತಾಡಿಸ್ತೀರಿ. ಸ್ವಂತ ಮೊಮ್ಮಗಳು ಮಾತ್ರ ಭಾರ ಆಯ್ತು, ಅಲ್ವಾ?"

"ಊರ ಮಕ್ಕಳನ್ನ ಗೇಟಲ್ಲಿ ಇಳಿಸಿ ಬರ್ತೀನಿ. ಇದನ್ನ ಎಲ್ಲಿ ಇಳಿಸ್ಲಿ?"

ಮಾತು ಬಾಯಿಂದ ಹೊರಬಿದ್ದ ಮೇಲೆ ವ್ಯಾನಜ್ಜಿಗೇ ಒಂದು ಥರ ಆಯಿತು. ಪುಟ್ಟಿ ಚಮಚ ಕಚ್ಚಿಕೊಂಡು ಅಜ್ಜಿಯನ್ನೇ ನೋಡುತ್ತಿದ್ದಳು. ಸೊಸೆ ಮಗುವನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೊಸೆಯದು ಹಲ್ಲು ಕಟ್ಟುವ ಕೆಲಸ. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚು ನೋಡಿ, ಮೇಣದಲ್ಲಿ ದವಡೆ ಕೂರಿಸಿ, ಒಂದೊಂದೇ ಹಲ್ಲನ್ನು ಅದರ ಬಣ್ಣಕ್ಕೆ ತಕ್ಕಂತೆ ಜೋಡಿಸುವ ಲ್ಯಾಬಿನಲ್ಲಿ ಅವಳ ಕೈಗೆ ಒಳ್ಳೆಯ ಹೆಸರಿತ್ತು. ಹೆರಿಗೆಯ ರಜೆ ಮುಗಿಯುತ್ತ ಬಂದಿತ್ತು. ಒಂದನೇ ತಾರೀಖಿಗೆ ಬರದಿದ್ದರೆ ನಿನ್ನ ಮೇಜು ಬೇರೆಯವರಿಗೆ ಎಂದು ಲ್ಯಾಬಿನ ಮಾಲೀಕ ಮುಲಾಜಿಲ್ಲದೆ ಹೇಳಿದ್ದ.

ಅಂದಿನಿಂದ ಮನೆಯಲ್ಲಿ ಬಹಿರಂಗ ಯುದ್ಧ. ವ್ಯಾನಜ್ಜಿ ತನ್ನ ತಟ್ಟೆ ಮಾತ್ರ ತೊಳೆದಿಟ್ಟಳು. ಸೊಸೆ ಅತ್ತೆಯ ಖಾಕಿ ಅಂಗಿಯನ್ನು ಹಗ್ಗದ ತುದಿಗೆ ತಳ್ಳಿ ಮಗುವಿನ ಬಟ್ಟೆಗಳನ್ನು ಉದ್ದಕ್ಕೂ ಹರವಿದಳು. ಇಬ್ಬರ ನಡುವೆ ಮಾತೆಲ್ಲ ಪುಟ್ಟಿಯ ಮೂಲಕವೇ.

"ಪುಟ್ಟಿ, ನಿಮ್ಮ ಅಜ್ಜಿಗೆ ಹೇಳು, ಬಚ್ಚಲು ಖಾಲಿ ಆಯ್ತು ಅಂತ."

"ಪುಟ್ಟಿ, ನಿಮ್ಮಮ್ಮಂಗೆ ಹೇಳು, ಹಾಲು ಉಕ್ಕಿ ಒಲೆ ಮೇಲೆ ಹರೀತಿದೆ ಅಂತ."

ಪುಟ್ಟಿ ಇಬ್ಬರಿಗೂ "ಬಾ ಬಾ ಬಾ" ಎಂದು ಒಂದೇ ಉತ್ತರ ಕೊಡುತ್ತಿದ್ದಳು.

ಮಗ ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿದ್ದ. ಬೆಳಗಿನ ಪಾಳಿ ಮುಗಿಸಿ ಬಂದು ಕೈಯ ಗ್ರೀಸು ತೊಳೆದು ಊಟಕ್ಕೆ ಕೂರುತ್ತಿದ್ದ. ಅಮ್ಮ ಮಾಡಿದ್ದನ್ನೂ ತಿನ್ನುತ್ತಿದ್ದ, ಹೆಂಡತಿ ಮಾಡಿದ್ದನ್ನೂ ತಿನ್ನುತ್ತಿದ್ದ. ಯಾರಾದರೂ ಬಾಯಿ ತೆರೆದರೆ, "ಹೆಂಗಸರ ಜಗಳದಲ್ಲಿ ನನ್ನ ಎಳೀಬೇಡ್ರಪ್ಪ" ಎಂದು ಟೀವಿಯ ಸದ್ದು ಹೆಚ್ಚಿಸುತ್ತಿದ್ದ. ತಾಯಿ ಒಬ್ಬಳೇ ಸಿಕ್ಕಾಗ "ಅವಳಿಗೇ ಸ್ವಲ್ಪ ಅವಸರ" ಎನ್ನುವನು. ಹೆಂಡತಿ ಒಬ್ಬಳೇ ಸಿಕ್ಕಾಗ "ಅಮ್ಮ ಮೊದಲಿಂದ ಹಾಗೇ, ಸರಿ ಹೋಗ್ತಾರೆ ಬಿಡು" ಎನ್ನುವನು. ಮಗ ಪಾಪ, ಎರಡು ಕಡೆಯ ಏಟು ತಿನ್ನುತ್ತಿದ್ದಾನೆ ಎಂದು ವ್ಯಾನಜ್ಜಿಗೆ ಕನಿಕರವೇ ಆಗುತ್ತಿತ್ತು.

ಸೊಸೆ ಸುಮ್ಮನೆ ಕೂರಲಿಲ್ಲ. ಮಗು ನೋಡಿಕೊಳ್ಳುವ ಹೆಂಗಸೊಬ್ಬಳನ್ನು ಪಕ್ಕದ ಬೀದಿಯಿಂದ ಕರೆಸಿದಳು. ವ್ಯಾನಜ್ಜಿ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು. ಉಗುರು ತೋರಿಸು ಎಂದಳು. ಆಗ ಕೆಮ್ಮಿದೆಯಲ್ಲ, ಎಷ್ಟು ದಿನದಿಂದ ಎಂದಳು. ಮಗು ಸೀನಿದರೆ ಏನು ಮಾಡುತ್ತೀ, ಬಿಕ್ಕಳಿಸಿದರೆ ಏನು ಮಾಡುತ್ತೀ, ನಿನಗೇ ತಲೆ ಸುತ್ತಿ ಬಂದರೆ ಏನು ಮಾಡುತ್ತೀ ಎಂದು ಬೆವರಿಳಿಸಿದಳು. ಆ ಹೆಂಗಸು ಎದ್ದು ಸೆರಗು ಕೊಡವಿ, "ಈ ಮನೇಲಿ ಮಗುಗಿಂತ ಅಜ್ಜಿನ ನೋಡ್ಕೊಳ್ಳೋದೇ ಕಷ್ಟ ಕಣಮ್ಮ" ಎಂದು ಹೊರಟೇಹೋದಳು.

"ಸಮಾಧಾನ ಆಯ್ತಾ?" ಸೊಸೆ ಪುಟ್ಟಿಯ ಮಧ್ಯಸ್ಥಿಕೆ ಬಿಟ್ಟು ನೇರವಾಗಿ ಕೇಳಿದಳು. "ನೀವೂ ನೋಡ್ಕೊಳ್ಳಲ್ಲ, ಬೇರೆಯವರೂ ನೋಡ್ಕೊಳ್ಳಬಾರದು. ನಾನು ಮನೇಲೇ ಬಿದ್ದಿರ್ಬೇಕು. ಅದೇ ತಾನೆ ನಿಮಗೆ ಬೇಕಿರೋದು?"

"ಕಂಡವರ ಕೈಗೆ ಮಗು ಕೊಡೋಕೆ ಆಗುತ್ತಾ?"

"ಹಾಗಾದ್ರೆ ಯಾರ ಕೈಗೆ ಕೊಡ್ಲಿ, ನೀವೇ ಹೇಳಿ."

ವ್ಯಾನಜ್ಜಿಗೆ ಸಿಟ್ಟು ಇನ್ನಷ್ಟು ಏರಿತು. ಅವಳ ಬಾಯಿಯೇ ಸರಿಯಿಲ್ಲ ಎಂದು ಗೊಣಗುತ್ತ ವ್ಯಾನಿನ ಕೀಲಿ ಹುಡುಕಿಕೊಂಡು ಹೊರಬಿದ್ದಳು.

ತಿಂಗಳು ಮುಗಿಯುತ್ತ ಬಂದಾಗ ಸೊಸೆ ಡೇ ಕೇರ್ ಒಂದನ್ನು ನೋಡಲು ಹೊರಟಳು. ಯಾರೂ ಕರೆಯದಿದ್ದರೂ ವ್ಯಾನಜ್ಜಿ ಹಿಂದೆಯೇ ನಡೆದಳು. ತಪ್ಪು ಹುಡುಕುವ ಉದ್ದೇಶದಿಂದಲೇ ಹೋದದ್ದು. ಆದರೆ ಅಲ್ಲಿ ತಪ್ಪು ಸಿಗಲಿಲ್ಲ. ಒಳಗೆ ಬಿಸಿಲು ಬೀಳುವ ದೊಡ್ಡ ಕೋಣೆ, ಒಗೆದ ಚಾಪೆಗಳು, ಗೋಡೆಗೆ ಒರಗಿ ತೂಕಡಿಸುತ್ತಿದ್ದ ಒಂದು ದಪ್ಪ ಮಗು. ನೋಡಿಕೊಳ್ಳುವ ಹೆಂಗಸು ಮಕ್ಕಳ ಜೊತೆ ಮಾತಾಡುವಾಗ ನೆಲಕ್ಕೆ ಕೂತು ಮಾತಾಡುತ್ತಿದ್ದಳು. ವ್ಯಾನಜ್ಜಿ ಬಚ್ಚಲಿಗೂ ಹೋಗಿ ಮೂಸಿ ನೋಡಿ ಬಂದಳು. ಅದೂ ಸ್ವಚ್ಛವಾಗಿತ್ತು.

ತೊಡಕು ಒಂದೇ. ಡೇ ಕೇರ್ ತೆರೆಯುವುದು ಒಂಬತ್ತಕ್ಕೆ. ಸೊಸೆ ಮನೆ ಬಿಡಬೇಕಾದ್ದು ಏಳೂವರೆಗೆ.

ವಾಪಸು ಬರುವಾಗ ಒಬ್ಬರು ಮುಂದೆ, ಒಬ್ಬರು ಹಿಂದೆ. ರಸ್ತೆಯ ಅರ್ಧ ದಾಟಿದ ಮೇಲೆ ಸೊಸೆ ಮಗುವನ್ನು ಭುಜ ಬದಲಾಯಿಸಿಕೊಂಡು ನಿಂತಳು.

"ಬೆಳಗಿನ ಆ ಹೊತ್ತು ಮಾತ್ರ ನೀವು ನೋಡ್ಕೊಂಡ್ರೆ ಸಾಕಾಗಿತ್ತು."

"ಆ ಹೊತ್ತಲ್ಲೇ ನನ್ನ ಟ್ರಿಪ್ಪು. ಅದನ್ನ ಬಿಟ್ರೆ ನನಗೆ ಉಳಿಯೋದೇನು?"

"ಗೊತ್ತು." ಸೊಸೆಯ ದನಿಯಲ್ಲಿ ಕೊಂಕಿರಲಿಲ್ಲ, ಆಯಾಸವಿತ್ತು. "ಇವರ ಕಂಪನೀಲಿ ಮಧ್ಯಾಹ್ನದ ಪಾಳಿಗೆ ಜನ ಬೇಕು ಅಂತ ಕೇಳ್ತಾನೇ ಇದಾರೆ. ಇವರು ಅದಕ್ಕೆ ಹೋದ್ರೆ ಬೆಳಿಗ್ಗೆ ಮನೇಲಿರ್ತಾರೆ, ಕೆಲಸಕ್ಕೆ ಹೋಗೋವಾಗ ಇವಳನ್ನ ಇಲ್ಲಿ ಬಿಟ್ಟು ಹೋಗಬಹುದು. ಸಂಜೆ ನಾನು ಕರ್ಕೊಂಡು ಬರ್ತೀನಿ. ಇದನ್ನ ಆಗಲೇ ಹೇಳಿದ್ದೆ. ‘ಅಮ್ಮ ಇದ್ದಾರಲ್ಲ, ನನಗ್ಯಾಕೆ ಈ ಉಸಾಬರಿ’ ಅಂದ್ರು. ಮಾರನೇ ದಿನಾನೇ ನೀವು ಒಪ್ಪಿದ್ರಿ ಅಂತಾನೂ ಅಂದ್ರು."

"ಗಂಡಸು ಅವನು. ಮಗು ಹೇಗೆ ನೋಡ್ಕೊಳ್ತಾನೆ?" ಮಾತು ಯೋಚಿಸುವ ಮೊದಲೇ ಬಂದುಬಿಟ್ಟಿತ್ತು.

"ಹೆಂಗಸು ನೀವು, ವ್ಯಾನ್ ಹೇಗೆ ಓಡಿಸ್ತೀರಿ ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ತೀರಿ?"

"ಕಲಿತೆ ಅಂತೀನಿ."

ಸೊಸೆ ಮುಂದೆ ನಡೆದಳು. ವ್ಯಾನಜ್ಜಿ ಮಾತ್ರ ಅಲ್ಲೇ ನಿಂತಿದ್ದಳು, ಹಿಂದಿನಿಂದ ಸೈಕಲ್ಲಿನವನು ಬೆಲ್ ಹೊಡೆದು ಬೈಯುವವರೆಗೆ.

ಸಂಜೆ ಮಗ ಬೂಟು ಬಿಚ್ಚುತ್ತಿದ್ದಾಗ ಆಕೆ ಟೀವಿಯ ಮುಂದೆ ಅಡ್ಡ ನಿಂತಳು.

"ಶಾಲೆಗೆ ಫೋನ್ ಮಾಡಿದವನು ನೀನೇನಾ?"

"ಅದಾ... ನಿನಗೆ ಹೇಳೋಣ ಅಂತಿದ್ದೆ. ಯಾರು ಮಾಡಿದ್ರೇನಮ್ಮ, ಕೆಲಸ ಸಲೀಸಾಗಬೇಕು ತಾನೆ?"

"ನಾನು ಒಪ್ಪಿದೀನಿ ಅಂತ ಅವಳಿಗೆ ಹೇಳ್ದೆ. ನನಗೆ ಅವಳದ್ದೇ ಅವಸರ ಅಂದೆ. ನಾವಿಬ್ರೂ ಇಷ್ಟು ದಿನ ಹಲ್ಲು ಮಸೀತಿದ್ರೆ ನೀನು ಕೂತು ಟೀವಿ ನೋಡ್ತಿದ್ದೆ."

"ಅಯ್ಯೋ, ಇದೇನು ಕೋರ್ಟಾ?" ಮಗನಿಗೂ ರೇಗಿತು. "ಸ್ವಂತ ಮೊಮ್ಮಗಳನ್ನ ನೋಡ್ಕೋ ಅಂದ್ರೆ ಇಷ್ಟು ರಂಪ ಮಾಡ್ತೀಯಲ್ಲ. ನಿನಗೇನು, ಆ ವ್ಯಾನು ಹೊತ್ತು ಕಳೆಯೋಕೆ ತಾನೆ? ಅವಳದ್ದಾದ್ರೂ ಒಂದು ಕೆಲಸ."

ವ್ಯಾನಜ್ಜಿ ಟೀವಿಯ ಮುಂದಿನಿಂದ ಕದಲಲಿಲ್ಲ. "ನೀನು ಪಾಳಿ ಬದಲಾಯಿಸ್ಕೋ," ಎಂದಳು.

"ಅಲ್ಲಿ ಏನಂತ ಹೇಳ್ಲಿ? ಮಗುಗೆ ಗಂಜಿ ತಿನ್ನಿಸ್ಬೇಕು ಅಂತಾನಾ? ಜನ್ಮವೆಲ್ಲ ಆಡ್ಕೊಂಡು ನಗ್ತಾರೆ. ಮೊನ್ನೆ ಒಬ್ಬ ಹೆಂಡತಿಗೆ ಹುಷಾರಿಲ್ಲ ಅಂತ ಎರಡು ದಿನ ರಜೆ ಹಾಕಿದ್ದಕ್ಕೆ ಅವನಿಗೆ ಅತ್ತಿಗಮ್ಮ ಅಂತ ಹೆಸರಿಟ್ಟಿದಾರೆ. ಅದೂ ಅಲ್ಲದೆ..." ಅವನು ಮಾತು ನುಂಗಿದ. "ಪುಟ್ಟಿ ಅತ್ರೆ ನನಗೆ ಕೈಕಾಲೇ ಆಡಲ್ಲಮ್ಮ. ಎತ್ಕೊಂಡ್ರೆ ಜಾರಿ ಬೀಳ್ತಾಳೇನೋ ಅನ್ಸುತ್ತೆ. ನನಗೆ ಇದೆಲ್ಲ ಬರಲ್ಲ. ನೀನೇ ಬೆಳೆಸಿದ್ದಲ್ವಾ ಹೀಗೆ? ಒಂದು ಲೋಟ ತೊಳೆಯೋಕೆ ಬಿಟ್ಟಿದ್ಯಾ ನನ್ನ? ಈಗ ಇದ್ದಕ್ಕಿದ್ದ ಹಾಗೆ ಕಲಿ ಅಂದ್ರೆ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸೊಸೆ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ವ್ಯಾನಜ್ಜಿಗೆ ತಿಳಿಯಿತು. ಮಗನ ಮಾತು ಸುಳ್ಳಾಗಿರಲಿಲ್ಲ. ಅವನ ಕೈಯಿಂದ ಲೋಟ ಕಸಿದುಕೊಂಡು ತಾನೇ ತೊಳೆದಿಟ್ಟದ್ದು ಒಂದು ಸಲವೇ, ಎರಡು ಸಲವೇ? ಅದನ್ನೇ ಮುದ್ದು ಎಂದುಕೊಂಡಿದ್ದಳು.

"ಹೌದು, ನಾನೇ ಬೆಳೆಸಿದ್ದು," ಎಂದಳು ಕಡೆಗೆ. "ಆ ತಪ್ಪನ್ನ ನಾನು ಹೊತ್ಕೋತೀನಿ. ಅವಳ್ಯಾಕೆ ಹೊರಬೇಕು? ಒಂದನೇ ತಾರೀಖು ನಾನು ವ್ಯಾನ್ ತೆಗೀತೀನಿ. ಅವಳು ಲ್ಯಾಬಿಗೆ ಹೋಗ್ತಾಳೆ. ಪುಟ್ಟಿ ನಿನ್ನ ಹತ್ರ ಇರ್ತಾಳೆ. ಅಲ್ಲೀವರೆಗೆ ಟೈಮಿದೆ, ಏನು ಬೇಕೋ ಕಲ್ತುಕೋ, ಯಾರನ್ನ ಬೇಕೋ ಕೇಳ್ಕೋ."

"ಆಯ್ತಾಯ್ತು, ಆ ದಿನ ಬರಲಿ ನೋಡೋಣ," ಎಂದು ಮಗ ರಿಮೋಟು ಹುಡುಕಿದ.

ಮರುದಿನ ಆಕೆ ಮೇಲ್ವಿಚಾರಕನ ಕೋಣೆಗೆ ಹೋದಳು. ಬೇರೆಯವನಿಗೆ ಮಾತು ಕೊಟ್ಟಾಗಿದೆ, ನಿಮ್ಮ ಮನೆಯ ಗೊಂದಲಕ್ಕೆ ನಾನೇನು ಮಾಡಲಿ ಎಂದು ಅವನು ಮುಖ ಗಂಟಿಕ್ಕಿದ.

"ವ್ಯಾನ್ ಓಡಿಸೋಳು ನಾನು. ಬಿಡ್ತೀನಿ ಅಂತ ನನ್ನ ಬಾಯಿಂದ ಕೇಳಿದ್ರಾ?"

"ಮಗನೇ ಹೇಳಿದ ಮೇಲೆ..."

"ನಾಳೆ ನಿಮ್ಮ ಮಗ ಫೋನ್ ಮಾಡಿ ನಮ್ಮಪ್ಪ ಬರಲ್ಲ ಅಂದ್ರೆ ಈ ಕುರ್ಚಿ ಬೇರೆಯವರಿಗೆ ಕೊಟ್ಟುಬಿಡ್ತಾರಾ?"

ಮೇಲ್ವಿಚಾರಕ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡು, ಹೊಸಬನಿಗೆ ಬೇರೆ ದಾರಿಯ ವ್ಯಾನ್ ಕೊಡುತ್ತೇನೆ, ಆದರೆ ಇನ್ನೊಂದು ಸಲ ಇಂಥ ಗೊಂದಲವಾದರೆ ನಾನು ಕೇಳುವುದಿಲ್ಲ ಎಂದ. ವ್ಯಾನಜ್ಜಿ ಥ್ಯಾಂಕ್ಸ್ ಹೇಳಲಿಲ್ಲ. ತನ್ನದನ್ನೇ ತಾನು ವಾಪಸು ಪಡೆದದ್ದಕ್ಕೆ ಥ್ಯಾಂಕ್ಸ್ ಯಾಕೆ ಎನ್ನಿಸಿತು.

ಒಂದನೇ ತಾರೀಖಿನ ಬೆಳಿಗ್ಗೆ ಮಗ ಎಂದಿನಂತೆ ಯೂನಿಫಾರಂ ತೊಟ್ಟು ಕಾಫಿಗೆ ಕೂತ. ಇಬ್ಬರು ಹೆಂಗಸರಲ್ಲಿ ಯಾರಾದರೊಬ್ಬರು ಸೋಲುತ್ತಾರೆ ಎಂಬ ನಂಬಿಕೆ ಅವನ ಮುಖದಲ್ಲಿ ಇನ್ನೂ ಇತ್ತು. ಸೊಸೆ ತಲೆ ಬಾಚಿ, ಲ್ಯಾಬಿನ ಬಿಳಿ ಕೋಟನ್ನು ಮಡಚಿ ಚೀಲಕ್ಕಿಟ್ಟುಕೊಂಡು ಬಂದಳು. ಮಗುವನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಕೋಣೆಯ ನಡುವೆ ನಿಂತಳು. ವ್ಯಾನಜ್ಜಿ ಅವಳ ಕೈಯಿಂದ ಪುಟ್ಟಿಯನ್ನು ಎತ್ತಿಕೊಂಡು, ಮಗನ ಮುಂದಿದ್ದ ಕಾಫಿಯನ್ನು ದೂರ ಸರಿಸಿ, ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿದಳು.

"ಅಮ್ಮಾ, ಇದೇನು ತಮಾಷೆ? ನನಗೆ ಪಾಳಿ ಇದೆ!"

"ಫೋನ್ ಮಾಡಿ ಬರಲ್ಲ ಅನ್ನು. ನನ್ನ ಪರವಾಗಿ ಮಾಡೋಕೆ ಬಂತಲ್ಲ, ನಿನ್ನ ಪರವಾಗಿಯೂ ಮಾಡು."

"ನೀನಾದ್ರೂ ಹೇಳೇ!" ಅವನು ಹೆಂಡತಿಯ ಕಡೆ ತಿರುಗಿದ. ಸೊಸೆಯ ಕಣ್ಣು ತುಂಬಿತ್ತು. ಆದರೂ "ಗಂಜಿ ಒಲೆ ಮೇಲಿದೆ" ಎಂದಷ್ಟೇ ಹೇಳಿ ಬಾಗಿಲ ಕಡೆ ನಡೆದಳು.

ಇಬ್ಬರೂ ಮೆಟ್ಟಿಲಿಳಿದು ರಸ್ತೆಗೆ ಬರುವಷ್ಟರಲ್ಲಿ ಮೇಲಿನಿಂದ ಪುಟ್ಟಿಯ ಅಳು ಕೇಳಿಸಿತು. ಕಿಟಕಿ ತೆರೆದಿತ್ತು. ಅಳು ಏರುತ್ತ ಹೋಯಿತು. ಸೊಸೆ ತುಟಿ ಕಚ್ಚಿ ನಿಂತಳು, ಅಲುಗಲಿಲ್ಲ. ತಿರುಗಿದ್ದು ವ್ಯಾನಜ್ಜಿಯ ಕಾಲು. ಅದು ಆಕೆಯನ್ನು ಕೇಳದೆಯೇ ಮೊದಲ ಮೆಟ್ಟಿಲ ಮೇಲೆ ಹೋಗಿತ್ತು. ಒಂದು ಕ್ಷಣ ಹೋಗಿ ಎತ್ತಿಕೊಂಡರೆ ಸುಮ್ಮನಾಗುತ್ತಾಳೆ. ಅಷ್ಟೇ ತಾನೆ? ಅವನಿಗೇನು ಗೊತ್ತು, ಪಾಪ.

ಸೊಸೆ ಆಕೆಯನ್ನು ನೋಡುತ್ತಿದ್ದಳು. ಕರೆಯಲೂ ಇಲ್ಲ, ತಡೆಯಲೂ ಇಲ್ಲ.

ವ್ಯಾನಜ್ಜಿ ಮೆಟ್ಟಿಲಿನಿಂದ ಕಾಲು ತೆಗೆದಳು. ಎಷ್ಟೋ ಸಾಮಾನು ಹೊತ್ತು ಹತ್ತಿ ಇಳಿದ ಕಾಲು, ಈಗ ಅದನ್ನು ತೆಗೆಯಲು ಎಷ್ಟೊಂದು ಬಲ ಬೇಕಾಯಿತು! "ಹೊತ್ತಾಯ್ತು, ನಡಿ," ಎಂದು ವ್ಯಾನ್ ಹತ್ತಿ ಬಾಗಿಲು ಎಳೆದುಕೊಂಡಳು. ಮೂಲೆ ತಿರುಗುವವರೆಗೂ ಅಳು ಕೇಳುತ್ತಲೇ ಇತ್ತು.

ಆ ದಿನ ಮಗನಿಗೆ ಕೆಲಸಕ್ಕೆ ಹೋಗಲಾಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ಮನೆಯೆಲ್ಲ ಗಂಜಿ, ಸೋಫಾದ ಮೇಲೆ ಒದ್ದೆ ಬಟ್ಟೆ, ಅವನ ಕಣ್ಣಲ್ಲಿ ಬೆಂಕಿ. ಮಧ್ಯಾಹ್ನದ ಪಾಳಿ ಸಿಕ್ಕಿತು, ಆದರೆ ಕೇಳಲು ಹೋದಾಗ ಅಲ್ಲಿನವರು ನಿಜವಾಗಿಯೂ ನಕ್ಕರಂತೆ, ಹೆಸರೂ ಇಟ್ಟರಂತೆ. ಅದನ್ನು ಅವನು ಹೆಂಡತಿಗೆ ಹೇಳಿದ, ತಾಯಿಗೆ ಹೇಳಲಿಲ್ಲ. ತಾಯಿಯ ಜೊತೆ ಮಾತೇ ಬಿಟ್ಟಿದ್ದ. ಆಕೆ ಬಡಿಸಿದರೆ ತಟ್ಟೆ ಸರಿಸಿ ತಾನೇ ಬಡಿಸಿಕೊಳ್ಳುವನು, ತಿಂದ ತಟ್ಟೆಯನ್ನು ತಾನೇ ಸದ್ದು ಮಾಡಿ ತೊಳೆಯುವನು. ಅದು ಸಿಟ್ಟಿಗೆ ಮಾಡಿದ್ದು ಎಂದು ವ್ಯಾನಜ್ಜಿಗೆ ಗೊತ್ತಿತ್ತು. ಕೈ ತುರಿಸಿದರೂ ಹೋಗಿ ಕಸಿದುಕೊಳ್ಳಲಿಲ್ಲ. ಅತ್ತೆ ಸೊಸೆಯರ ನಡುವೆಯೂ ಪ್ರೀತಿಯೇನೂ ಉಕ್ಕಲಿಲ್ಲ. ಬಟ್ಟೆಯ ಹಗ್ಗಕ್ಕೆ ಜಗಳ ಇದ್ದೇ ಇತ್ತು. ಆದರೆ ಈಗ ಪುಟ್ಟಿಯ ಮೂಲಕ ಅಲ್ಲ, ನೇರವಾಗಿಯೇ ಜಗಳವಾಡುತ್ತಿದ್ದರು.

ಶನಿವಾರ ಡೇ ಕೇರ್ ಇರುವುದಿಲ್ಲ, ಶಾಲೆಯೂ ಅರ್ಧ ದಿನ. ಆ ಮಧ್ಯಾಹ್ನಗಳನ್ನು ತಾನು ನೋಡಿಕೊಳ್ಳುತ್ತೇನೆಂದು ವ್ಯಾನಜ್ಜಿ ತಾನಾಗಿಯೇ ಸೊಸೆಗೆ ಹೇಳಿದ್ದಳು. ಯಾರೂ ಕೇಳಿರಲಿಲ್ಲ.

ಹಾಗೆ ಕೆಲವು ವಾರ ಕಳೆದ ಮೇಲಿನ ಒಂದು ಶನಿವಾರ ಆಕೆ ಮನೆಗೆ ಬಂದಾಗ ಮಗ ಕೆಲಸಕ್ಕೆ ಹೊರಟು ನಿಂತಿದ್ದ. ಒಂದು ಕೈಯಲ್ಲಿ ಉಪಕರಣದ ಚೀಲ. ಸೊಂಟದ ಮೇಲೆ ಪುಟ್ಟಿ, ಅವನ ಕಾಲರನ್ನು ಬಾಯಲ್ಲಿ ತುಂಬಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಮಗುವಿನ ಅಂಗಿ ಒಳಗು ಹೊರಗಾಗಿತ್ತು. ವ್ಯಾನಜ್ಜಿ ಕೈ ಚಾಚಿದಳು. ಅವನು ಮಾತಿಲ್ಲದೆ ಮಗುವನ್ನು ಕೊಟ್ಟು, ಕಾಲರನ್ನು ಮೆಲ್ಲಗೆ ಬಿಡಿಸಿಕೊಂಡು ಬಾಗಿಲವರೆಗೆ ಹೋದ. ಆಕೆ ವಾಡಿಕೆಯಂತೆ ಮಗುವನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟತೊಡಗಿದಳು.

"ತಟ್ಟಬೇಡ," ಎಂದ ಮಗ, ತಿರುಗಿ ನಿಂತು. ದನಿಯಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು. "ತಟ್ಟಿದ್ರೆ ಎದ್ದುಬಿಡ್ತಾಳೆ. ಕಿವಿ ಹಿಂದೆ ಬೆರಳಲ್ಲಿ ಮೆತ್ತಗೆ ಸವರಬೇಕು. ಎಡಗಡೆ."

ಇಷ್ಟು ದಿನಗಳಲ್ಲಿ ಅವನು ತಾಯಿಯೊಂದಿಗೆ ಆಡಿದ ಮೊದಲ ಮಾತು ಅದು. ಅವನು ಮೆಟ್ಟಿಲಿಳಿದು ಹೋದ.

ವ್ಯಾನಜ್ಜಿಗೆ ಇದು ಗೊತ್ತಿರಲಿಲ್ಲ. ಆಕೆ ಕಿಟಕಿಯ ಪಕ್ಕ ಕೂತು, ಪುಟ್ಟಿಯ ಎಡಗಿವಿಯ ಹಿಂದೆ ಬೆರಳಿಟ್ಟು, ಹೊಸಬರು ಕಲಿಯುವ ಹಾಗೆ ಮೆಲ್ಲಗೆ ಸವರಿದಳು. ಪುಟ್ಟಿ ಒಂದು ಸಲ ಉಸಿರೆಳೆದು, ಅಜ್ಜಿಯ ಖಾಕಿ ಅಂಗಿಯ ಮೇಲೆ ಜೊಲ್ಲು ಸುರಿಸುತ್ತ ಮಲಗಿಬಿಟ್ಟಳು.